ಏಳು ವರ್ಷ ಜೊತೆಗಿದ್ದ ಶ್ರುತಿಪೆಟ್ಟಿಗೆ: ಗಮಕ ಕಲಿಯುವವರಿಗೆ ಎಷ್ಟು ಉಪಯೋಗ?

ನಲವತ್ತು ದಾಟಿದ ಮೇಲೆ ಕರ್ನಾಟಕ ಸಂಗೀತದ ಪಾಠಕ್ಕೆ ಸೇರಿದೆ. ಮೊದಲ ದಿನವೇ ಗುರುಗಳು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೊಳ್ಳಲು ಹೇಳಿದರು. ಹಾಡುವಾಗ ಆಧಾರವಾಗಿ ಹಿಡಿಯುವ ನಾದವನ್ನು, ಅಂದರೆ ಶ್ರುತಿಯನ್ನು, ಕೊಡುವ ಯಂತ್ರ ಅದು. ಅಂದಿನಿಂದ ಏಳು ವರ್ಷ, ದಿನಕ್ಕೆ ಒಂದು ಗಂಟೆಯಾದರೂ ಅದು ನಮ್ಮ ಮನೆಯಲ್ಲಿ ನುಡಿದಿದೆ. ನನ್ನ ಶ್ರುತಿ ಐದೂವರೆ ಮನೆ, ಅಂದರೆ ಪಾಶ್ಚಾತ್ಯ ಲೆಕ್ಕದಲ್ಲಿ ಜಿ ಶಾರ್ಪ್. ನನ್ನದು ಹಾರ್ಮೋನಿಯಂನಂತೆ ಎಡೆಬಿಡದೆ ನಾದ ಕೊಡುವ ಬಗೆಯದು. ತಂತಿ ಮೀಟಿದಂತೆ ಕೇಳಿಸುವ ತಂಬೂರಿ ಯಂತ್ರವಲ್ಲ.

ಮಾಯಾಮಾಳವಗೌಳ ರಾಗದ ಸರಳೆ ವರಿಸೆಯಲ್ಲೇ, ಅಂದರೆ ಆರಂಭದ ಸ್ವರಾಭ್ಯಾಸದಲ್ಲೇ, ಅದರ ಬೆಲೆ ತಿಳಿಯಿತು. ಆ ರಾಗದ ಶುದ್ಧ ರಿಷಭ (ರಿ) ಷಡ್ಜಕ್ಕೆ (ಸ) ತೀರ ಹತ್ತಿರ. ಪೆಟ್ಟಿಗೆ ನುಡಿಯುತ್ತಿರುವಾಗ ರಿ ಹಿಡಿದರೆ ಎರಡು ನಾದಗಳು ಒಂದನ್ನೊಂದು ಉಜ್ಜಿದಂತೆ ಕೇಳಿಸುತ್ತದೆ. ಶ್ರುತಿಯಿಲ್ಲದೆ ಹಾಡಿದಾಗ ಅದೇ ರಿ ಜಾರಿ ಎಲ್ಲೋ ಹೋಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿ ವರಿಸೆಯಲ್ಲಿ ಎರಡನೆಯ ಸ್ವರಕ್ಕೆ ಕೆಳಗಿನ ಸ್ವರವನ್ನು ಸೋಕಿಸಿ ಒತ್ತು ಕೊಡಬೇಕು, ಅದೇ ಸ್ಫುರಿತ. ಹೀಗೆ ಸ್ವರವನ್ನು ಸೋಕಿಸಿ, ತೂಗಿ, ಜಾರಿಸಿ ಹಾಡುವ ಬಗೆಗಳಿಗೇ ಗಮಕ ಎನ್ನುತ್ತಾರೆ. ಸೋಕಿದ್ದು ಸರಿಯಾದ ಸ್ವರವೋ ಅಲ್ಲವೋ ಎಂಬುದೂ ಈ ನಾದದ ಎದುರಿಗೆ ಬೇಗ ಬಯಲಾಗುತ್ತದೆ.

ನಾನು ಹೆಚ್ಚು ಕಲಿತದ್ದು ಆರಭಿ ಮತ್ತು ದೇವಗಾಂಧಾರಿ ರಾಗಗಳಿಂದ. ಎರಡೂ 29ನೆಯ ಮೇಳದ (ಮೂಲರಾಗದ) ಜನ್ಯಗಳು, ಅಂದರೆ ಅದರಿಂದ ಹುಟ್ಟಿದ ರಾಗಗಳು. ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಬರೆದಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು. ಆದರೆ ಆರಭಿಯ ಸ್ವರಗಳು ಹೆಚ್ಚು ಅಲುಗಾಟವಿಲ್ಲದೆ ಚುರುಕಾಗಿ ಸಾಗುತ್ತವೆ. ಅದರ ಗಾಂಧಾರ ಮಧ್ಯಮಕ್ಕೆ, ನಿಷಾದ ಷಡ್ಜಕ್ಕೆ ಅಂಟಿಕೊಂಡು ಕ್ಷಣದಲ್ಲಿ ಮುಗಿಯುತ್ತವೆ. ದೇವಗಾಂಧಾರಿ ಅದೇ ದಾರಿಯಲ್ಲಿ ನಿಧಾನವಾಗಿ, ಸ್ವರಗಳನ್ನು ತೂಗುತ್ತಾ ನಡೆಯುತ್ತದೆ. ಒಂದು ಸಂಜೆ ಅವೆರಡನ್ನೂ ಒಂದೇ ಶ್ರುತಿಗೆ ಒಂದಾದ ಮೇಲೊಂದು ಹಾಡಿದೆ. ಪೆಟ್ಟಿಗೆಯ ನಾದ ಬದಲಾಗಿರಲಿಲ್ಲ, ಸ್ವರಗಳೂ ಅವೇ. ಬೇರೆಯಾದದ್ದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ರೀತಿ ಮಾತ್ರ. ಗಮಕವೆಂದರೆ ಮೇಲಿನ ಅಲಂಕಾರ ಎಂದು ಅಲ್ಲಿಯವರೆಗೆ ನಂಬಿದ್ದೆ. ರಾಗದ ಜೀವವೇ ಅದು ಎಂದು ಆ ಸಂಜೆ ಕಿವಿಗೆ ಗೊತ್ತಾಯಿತು. ಆಮೇಲೆ ತೋಡಿ ರಾಗದ ಗಾಂಧಾರವೂ ಅರ್ಥವಾಯಿತು: ಬಾಯಲ್ಲಿ ಗ ಎನ್ನುತ್ತೇವೆ, ಧ್ವನಿ ರಿ ಮತ್ತು ಮ ನಡುವೆ ತೂಗುತ್ತಿರುತ್ತದೆ.

ಹಾಗೆಂದು ಗಮಕವನ್ನು ಪೆಟ್ಟಿಗೆ ಕಲಿಸಲಿಲ್ಲ. ಅದನ್ನು ಗುರುಗಳ ಬಾಯಿಂದಲೇ ಕಲಿಯಬೇಕಾಯಿತು.

ಕೊರತೆಗಳನ್ನೂ ಹೇಳಬೇಕು. ಮೂರನೆಯ ವರ್ಷ, ಶ್ರುತಿಯನ್ನು ತುಸುತುಸುವೇ ಹೊಂದಿಸುವ ಸೂಕ್ಷ್ಮ ಶ್ರುತಿಯ ಗುಂಡಿ ಸವೆದು, ಹಾಡುತ್ತಿದ್ದಂತೆಯೇ ನಾದ ಕೂದಲೆಳೆಯಷ್ಟು ಇಳಿಯತೊಡಗಿತು. ಹಲವು ವಾರ ನನ್ನ ಗಂಟಲಿನದೇ ದೋಷವೆಂದು ಕೊರಗಿದ್ದೇನೆ. ದುರಸ್ತಿಗೆ ಕೊಟ್ಟರೆ ಕಂಪನಿಯವರು ಐದು ವಾರ ಇಟ್ಟುಕೊಂಡರು. ಕಲಿಯುವವರಿಗೆ ಸುಳ್ಳು ಶ್ರುತಿಗಿಂತ ದೊಡ್ಡ ಹಾನಿ ಇಲ್ಲ. ಈ ಬಿಡಿಭಾಗದಲ್ಲಿ ತಯಾರಕರು ಹಣ ಉಳಿಸಬಾರದಿತ್ತು. ಮಧ್ಯಮ ಶ್ರುತಿಗೆ, ಅಂದರೆ ಮಧ್ಯಮವನ್ನೇ ಷಡ್ಜವಾಗಿ ಹಿಡಿಯುವ ಶ್ರುತಿಗೆ, ಬದಲಿಸುವ ಸ್ವಿಚ್ಚು ಮಾತ್ರ ಇಂದಿಗೂ ಗಟ್ಟಿಯಾಗಿದೆ. ನಾದನಾಮಕ್ರಿಯೆ, ಪುನ್ನಾಗವರಾಳಿ ರಾಗಗಳನ್ನು ಹಾಡುವಾಗ ಅದು ಬೇಕೇ ಬೇಕು.

ಇನ್ನೊಂದು ಕೊರತೆ ತಿಳಿದದ್ದು ಗುರುಗಳ ಮನೆಯ ನಿಜವಾದ ತಂಬೂರಿಯ ಪಕ್ಕ ಕುಳಿತಾಗ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ (ಗ ಸ್ವರದ ಮೇಲಿನ ಬಗೆ) ತಾನಾಗಿ ಕೇಳಿಬರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು ನನಗೆ ಎಂದೂ ಕೇಳಿಸಿಲ್ಲ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಹತ್ತು ನಿಮಿಷ ಯಂತ್ರವನ್ನು ನುಡಿಯಲು ಬಿಟ್ಟು, ಕಣ್ಣು ಮುಚ್ಚಿ ಆ ಗಾಂಧಾರವನ್ನು ಹುಡುಕಿ. ಆಮೇಲೆ ಸೂಕ್ಷ್ಮ ಶ್ರುತಿಯ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನಾದ ಕದಲುತ್ತದೆಯೇ ನೋಡಿ.