ಬ್ಯಾಕ್ಲುಂಡ್ ಹಿಡಿಯಬೇಕೋ, ಡಾರ್ಬೂ ಹಿಡಿಯಬೇಕೋ?

ಸಾಲಿಟಾನ್ (ಆಕಾರ ಕೆಡದೆ ಸಾಗುವ ಒಂಟಿ ಅಲೆ) ಸಮೀಕರಣಗಳಲ್ಲಿ ಗೊತ್ತಿರುವ ಪರಿಹಾರದಿಂದ ಹೊಸದನ್ನು ಕಟ್ಟುವ ಎರಡು ವಿಧಾನಗಳಿವು. ಅಂಥದ್ದೇ ಒಂದಾದ ಸೈನ್-ಗಾರ್ಡನ್ ಸಮೀಕರಣವಾದರೆ ಬ್ಯಾಕ್ಲುಂಡ್ ಪರಿವರ್ತನೆಯೇ ಸಲೀಸು. ಒಮ್ಮೆ ಏಕ-ಸಾಲಿಟಾನ್ ಪರಿಹಾರಗಳು ಸಿಕ್ಕರೆ, ಎರಡು ಪರಿಹಾರಗಳನ್ನು ಬೆಸೆಯುವ ಬಿಯಾಂಕಿಯ ಸೂತ್ರದಿಂದ ಮುಂದಿನವು ಬರೀ ಬೀಜಗಣಿತ, ಇಂಟಿಗ್ರೇಷನ್ ಬೇಕಿಲ್ಲ. ಬೆಸೆಯುವ ಎರಡು ಪರಿವರ್ತನೆಗಳ ಪ್ಯಾರಾಮೀಟರ್‌ಗಳು ಸಮವಾದರೆ ಮಾತ್ರ ಛೇದ ಸೊನ್ನೆಯಾಗಿ ಸೂತ್ರ ಕೈಕೊಡುತ್ತದೆ; ಆಗ ಮಿತಿ ತೆಗೆದುಕೊಳ್ಳಬೇಕು.

ಕೆಡಿವಿಗೆ (KdV, ಆಳವಿಲ್ಲದ ನೀರಿನ ಅಲೆಗಳ ಸಮೀಕರಣ) ನನ್ನ ಮತ ಡಾರ್ಬೂಗೆ. ಅದಕ್ಕೆ ಜೋಡಿಯಾದ ಶ್ರೋಡಿಂಗರ್ ಸಮೀಕರಣದ ಪರಿಹಾರ 'ಸೈ' ಸಿಕ್ಕರೆ, ಕೆಡಿವಿಯ ಹಳೆಯ ಪರಿಹಾರ 'ಯು'ನಿಂದ ಲಾಗ್ ಸೈನ ಎರಡನೇ ಎಕ್ಸ್-ಡೆರಿವೇಟಿವ್‌ನ ಇಮ್ಮಡಿಯನ್ನು ಕಳೆದರೆ ಹೊಸದು ಸಿದ್ಧ. (ಕೆಡಿವಿಯ ನಾನ್‌ಲೀನಿಯರ್ ಪದ ಮೈನಸ್ 6 ಇರುವ ರೂಪಕ್ಕೆ ಈ ಚಿಹ್ನೆ.) ಸೊನ್ನೆಯಿಂದ ಹೊರಟು ಸೈ = ಕಾಶ್ (cosh) ಹಾಕಿದರೆ ಒಂದು ಸಾಲಿಟಾನ್; ಹಲವಕ್ಕೆ ರಾನ್ಸ್ಕಿಯನ್ (ಹಲವು ಸೈಗಳು ಮತ್ತು ಅವುಗಳ ಡೆರಿವೇಟಿವ್‌ಗಳ ಡಿಟರ್ಮಿನೆಂಟ್) ಬರೆದರಾಯಿತು.

ಎಡವುವುದು ಇಲ್ಲೇ: ಎರಡು ಸಾಲಿಟಾನ್‌ಗೆ ಎರಡೂ ಕಾಶ್ ಹಾಕಿದರೆ ರಾನ್ಸ್ಕಿಯನ್ ಎಲ್ಲೋ ಸೊನ್ನೆಯಾಗಿ ಪರಿಹಾರ ಸ್ಫೋಟಿಸುತ್ತದೆ. ಪ್ರತಿ ಸಾಲಿಟಾನ್‌ಗೂ ಅದರ ಎತ್ತರ, ವೇಗ ನಿರ್ಧರಿಸುವ ಒಂದು ಕೆ ಇರುತ್ತದೆ; ಚಿಕ್ಕ ಕೆ1ಕ್ಕೆ ಕಾಶ್, ದೊಡ್ಡ ಕೆ2ಕ್ಕೆ ಸಿನ್ಶ್ (sinh) ಇರಲಿ. ಕೆಡಿವಿಯ ಬ್ಯಾಕ್ಲುಂಡ್‌ನಲ್ಲೂ ಇದೇ ಕಥೆ: ಚಿಕ್ಕದಕ್ಕೆ ಟಾನ್ಶ್ (tanh), ದೊಡ್ಡದಕ್ಕೆ ಕಾತ್ (coth). ಬಿಡಿಯಾಗಿ ಸಿಂಗ್ಯುಲರ್ ಆದ ಕಾತ್ ಪರಿಹಾರವೇ ಜೋಡಿಯನ್ನು ನುಣುಪಾಗಿಸುವುದು ವಿಚಿತ್ರವೇ ಸರಿ.

ಮಿಯುರಾ ಪರಿವರ್ತನೆ (1968) ಬೇರೆ ಜಾತಿ: ಅದು ಎಂಕೆಡಿವಿಯ (ಮಾರ್ಪಡಿಸಿದ ಕೆಡಿವಿ) ಪರಿಹಾರವನ್ನು ಕೆಡಿವಿಗೆ ಒಯ್ಯುತ್ತದೆ. ಸಾಲಿಟಾನ್ ಪೇರಿಸಲು ಅದೊಂದೇ ಸಾಲದು.

ಎನ್‌ಎಲ್‌ಎಸ್‌ನ (ನಾನ್‌ಲೀನಿಯರ್ ಶ್ರೋಡಿಂಗರ್ ಸಮೀಕರಣ) ರೋಗ್ ಅಲೆ, ಅಂದರೆ ಹಠಾತ್ತನೆ ಎದ್ದು ಮಾಯವಾಗುವ ದೈತ್ಯ ಅಲೆ, ಬೇಕಾದರೆ ಡಾರ್ಬೂವೇ ಹಿಡಿಯಿರಿ. ಸಮತಲ ಅಲೆಯನ್ನು ಬೀಜವಾಗಿ (ಆರಂಭದ ಪರಿಹಾರವಾಗಿ) ಇಟ್ಟು, ಐಗನ್‌ಮೌಲ್ಯವನ್ನು ಕವಲುಬಿಂದುವಿಗೆ ಒಯ್ದು ಮಿತಿ ತೆಗೆಯಬೇಕು. ನೇರವಾಗಿ ಅಲ್ಲೇ ಹಾಕಿದರೆ ಎರಡು ಸ್ವತಂತ್ರ ಘಾತೀಯ ಪರಿಹಾರಗಳು ಒಂದಾಗಿಬಿಡುತ್ತವೆ.