ಕ್ಯೂಬ್ ಪಾಸಾಗಿತ್ತು, ಕಾಲಂ ಪಾಸಾಗಲಿಲ್ಲ

28 ದಿನಗಳ ಕ್ಯೂಬ್ ವರದಿಯೊಂದನ್ನೇ (ಅಚ್ಚಿನಲ್ಲಿ ತುಂಬಿದ ಕಾಂಕ್ರೀಟ್ ಘನವನ್ನು 28ನೇ ದಿನ ಒತ್ತಿ ಒಡೆದು ಬಲ ಅಳೆದ ವರದಿ) ನಂಬಿ "ಕಾಂಕ್ರೀಟ್ ಚೆನ್ನಾಗಿದೆ" ಎಂದು ಸಹಿ ಹಾಕುವ ಸೈಟ್ ಎಂಜಿನಿಯರುಗಳು, ಅದರಲ್ಲೂ ಕೆಲಸಕ್ಕೆ ಹೊಸದಾಗಿ ಸೇರಿದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ನೋಡಿದ ಕಟ್ಟಡದಲ್ಲಿ ವರದಿ ಸುಳ್ಳಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಯಾರೂ ಅಂಕಿ ತಿದ್ದಿರಲಿಲ್ಲ. ಎಂ25 ದರ್ಜೆಯ ಕಾಂಕ್ರೀಟಿಗೆ ಬೇಕಾದ ಬಲ, ಅಂದರೆ ಪ್ರತಿ ಚದರ ಮಿ.ಮೀ.ಗೆ 25 ನ್ಯೂಟನ್, ಪ್ರತಿಯೊಂದು ಕ್ಯೂಬಿನಲ್ಲೂ ಇತ್ತು. ಇಷ್ಟಾದರೂ ನೆಲಮಹಡಿಯ ಹಲವು ಕಾಲಂಗಳಿಗೆ ಆಸರೆ ಕೊಟ್ಟು, ಮೈ ಕೆತ್ತಿ, ಸುತ್ತಲೂ ಹೊಸ ಕಾಂಕ್ರೀಟಿನ ಕವಚ ತೊಡಿಸಬೇಕಾಯಿತು.

ಮೇಲಿನ ಮಹಡಿಗಳ ಮೋಲ್ಡ್ ಮುಗಿದ ಮೇಲೆ ಮಾಲೀಕರು ನನ್ನನ್ನು ಮೇಲ್ವಿಚಾರಣೆಗೆ ಕರೆದಿದ್ದರು. ಗಾರೆ ಹಿಡಿಯಲೆಂದು ಕೆಲಸಗಾರರು ಕಾಲಂಗಳ ಮೈಗೆ ಕಚ್ಚು ಹಾಕುತ್ತಿದ್ದರು. ಒಂದು ಕಾಲಂನ ಬುಡದಲ್ಲಿ ಉಳಿ ಸಲೀಸಾಗಿ ಒಳಗಿಳಿಯಿತು. ಮೇಲ್ಪದರದ ತೆಳುವಾದ ಸಿಮೆಂಟ್ ತೇಪೆ ಕಿತ್ತುಬಂತು; ಅದರ ಹಿಂದೆ ಗಾರೆಯೇ ಇಲ್ಲದ ಬರೀ ಜಲ್ಲಿ, ಜಲ್ಲಿಯ ಸಂದಿಯಲ್ಲಿ ಕಂಬಿ. ಹನಿಕೋಂಬ್ ಎನ್ನುತ್ತಾರಲ್ಲ, ಅದೇ. ಶಟರಿಂಗ್ (ಕಾಂಕ್ರೀಟ್ ಹಿಡಿದಿಡುವ ಹಲಗೆಯ ಅಚ್ಚು) ಬಿಚ್ಚಿದ ದಿನವೇ ಯಾರೋ ಅದನ್ನು ನೋಡಿ, ಯಾರಿಗೂ ಹೇಳದೆ ಮುಚ್ಚಿದ್ದರು.

ಒಂದು ಕಡೆ ಹೀಗಿದ್ದರೆ ಉಳಿದ ಕಡೆ ಏನಿದೆಯೋ ಎಂಬ ಆತಂಕದಿಂದ ಎಲ್ಲ ಕಾಲಂಗಳ ಮೇಲೂ ರಿಬೌಂಡ್ ಹ್ಯಾಮರ್ ಹಿಡಿದೆವು. ಈ ಉಪಕರಣದ ಅಂಕಿಯಿಂದ ಬಲವನ್ನು ನೇರವಾಗಿ ಹೇಳಬಾರದು. ಅದು ಮೇಲ್ಮೈಯ ಗಡಸುತನವನ್ನಷ್ಟೇ ಅಳೆಯುತ್ತದೆ. ಅದರಿಂದ ಅಂದಾಜಿಸಿದ ಬಲ ಶೇ 25ರಷ್ಟು ಆಚೀಚೆ ಆಗಬಹುದು. ಯಾವ ಕಾಲಂ ಉಳಿದವುಗಳಿಗಿಂತ ದುರ್ಬಲ ಎಂದು ಹುಡುಕಲು ಮಾತ್ರ ಅದು ಒಳ್ಳೆಯದು. ಅನುಮಾನ ಬಂದ ಕಡೆ, ಕಂಬಿ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಿ, ಕೋರ್, ಅಂದರೆ ಪರೀಕ್ಷೆಗೆಂದು ಕೊರೆದ ದುಂಡನೆಯ ಕಾಂಕ್ರೀಟ್ ತುಂಡು, ತೆಗೆಸಿದೆವು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕೋರ್‌ಗಳ ಸಮಾನ ಕ್ಯೂಬ್ ಬಲದ (ಕೋರ್ ಫಲಿತಾಂಶವನ್ನು ಕ್ಯೂಬಿನ ಲೆಕ್ಕಕ್ಕೆ ತಂದದ್ದು) ಸರಾಸರಿ ಆ ದರ್ಜೆಯ ಶೇ 85ಕ್ಕೆ ಕಡಿಮೆ ಇರಬಾರದು, ಯಾವ ಒಂದು ಕೋರ್ ಕೂಡ ಶೇ 75ಕ್ಕಿಂತ ಕೆಳಗಿಳಿಯಬಾರದು. ಎಂ25ಕ್ಕೆ ಇದು ಪ್ರತಿ ಚದರ ಮಿ.ಮೀ.ಗೆ 21.25 ಮತ್ತು 18.75 ನ್ಯೂಟನ್. ನಮ್ಮ ಕೋರ್‌ಗಳು ಎರಡೂ ಕಡೆ ಸೋತವು.

ಗುತ್ತಿಗೆದಾರರ ಮೇಲ್ವಿಚಾರಕರು ಕಡತ ತಂದು ನನ್ನ ಮುಂದಿಟ್ಟರು. "ಸರ್, ಕ್ಯೂಬ್ ವರದಿ ನೋಡಿ. ಒಂದೂ ಫೇಲ್ ಆಗಿಲ್ಲ. ಕೋರ್ ತೆಗೆಯುವಾಗಲೇ ಏನೋ ತಪ್ಪಾಗಿರಬೇಕು." ಅವರು ಅದನ್ನು ನಂಬಿಯೇ ಹೇಳುತ್ತಿದ್ದರು.

ಉತ್ತರ ಸಿಕ್ಕಿದ್ದು ಪಕ್ಕದ ಬ್ಲಾಕಿನಲ್ಲಿ, ಅದೇ ತಂಡ ಕಾಂಕ್ರೀಟ್ ಹಾಕುತ್ತಿದ್ದಾಗ. ರೆಡಿಮಿಕ್ಸ್ ಲಾರಿ ಬಂದು ನಿಂತಿತು. ಮೊದಲು ಜಾರಿದ ಮಾಲಿನಿಂದಲೇ ಹುಡುಗನೊಬ್ಬ ಸ್ಲಂಪ್ (ಮಾಲು ಎಷ್ಟು ಕುಸಿಯುತ್ತದೆ ಎಂದು ನೋಡಿ ಅದರ ಹದ ತಿಳಿಯುವ ಪರೀಕ್ಷೆ) ನೋಡಿ, ಕ್ಯೂಬ್ ಅಚ್ಚು ತುಂಬಿಸಿಕೊಂಡು ಹೋದ. ಅಲ್ಲಿಯವರೆಗೆ ಎಲ್ಲವೂ ಕ್ರಮದಂತೆ ಕಾಣುತ್ತಿತ್ತು. ಆಮೇಲೆ ಪಂಪಿನವನು ಮಾಲು ಗಟ್ಟಿಯಾಯಿತೆಂದು ಕೂಗಿದ. ಚಾಲಕ ನೀರಿನ ಪೈಪನ್ನು ಡ್ರಮ್ಮಿನ ಬಾಯಿಗೆ ಇಟ್ಟ. ಎಷ್ಟು ನೀರು ಹೋಯಿತೆಂದು ಯಾರೂ ಅಳೆಯಲಿಲ್ಲ. ಮಾಲು ತೆಳ್ಳಗೆ ಹರಿಯುವವರೆಗೆ ಹೋಯಿತು. ಕ್ಯೂಬಿನಲ್ಲಿದ್ದದ್ದು ಸ್ಥಾವರ ಕಳಿಸಿದ ಕಾಂಕ್ರೀಟ್, ಕಾಲಂ ಒಳಗೆ ಇಳಿದದ್ದು ಬೇರೆಯದೇ ಕಾಂಕ್ರೀಟ್. ಕೆಲಸ ನಿಲ್ಲಿಸಿ ಲಾರಿಯನ್ನು ವಾಪಸು ಕಳಿಸಿದೆವು. ಹಿಂದಿನ ಕಾಲಂಗಳಿಗೂ ಇದನ್ನೇ ಮಾಡಿದ್ದೆವು ಎಂದು ತಂಡದವರು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡರು, ಏಕೆಂದರೆ ಅದು ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕ ಹಾಕಿ ನೋಡಿ. 6 ಘನ ಮೀಟರ್ ಲಾರಿ, ಘನ ಮೀಟರಿಗೆ 340 ಕೆ.ಜಿ. ಸಿಮೆಂಟ್, 160 ಲೀಟರ್ ನೀರು ಎಂದಿಟ್ಟುಕೊಳ್ಳೋಣ. ನೀರು–ಸಿಮೆಂಟ್ ಅನುಪಾತ 0.47. ಆ ಲಾರಿಗೆ 200 ಲೀಟರ್, ಅಂದರೆ ಒಂದೇ ಒಂದು ಡ್ರಮ್ ನೀರು ಸುರಿದರೆ ಅನುಪಾತ 0.57ಕ್ಕೆ ಏರುತ್ತದೆ. ಅನುಪಾತ ಏರಿದಂತೆ ಬಲ ಇಳಿಯುತ್ತದೆ ಎಂದು ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿದರು. ನಾವೆಲ್ಲ ಕಾಲೇಜಿನಲ್ಲಿ ಆ ವಕ್ರರೇಖೆಯನ್ನು ಬಿಡಿಸಿ ಅಂಕ ಪಡೆದವರೇ. ಸೈಟಿನಲ್ಲಿ ಅದೇ ರೇಖೆಯ ಮೇಲೆ ಕೆಳಕ್ಕೆ ಜಾರುತ್ತಿದ್ದೇವೆ ಎಂಬುದು ಮಾತ್ರ ಹೊಳೆಯುವುದಿಲ್ಲ.

"ನೀರು ಆಮೇಲೆ ಆರಿಹೋಗುತ್ತದೆ ಬಿಡಿ ಸರ್" ಎಂದು ಮೇಸ್ತ್ರಿ ಸಮಾಧಾನ ಹೇಳಿದರು. ಹೌದು, ಆರಿಹೋಗುತ್ತದೆ, ತೊಂದರೆ ಇರುವುದೇ ಅಲ್ಲಿ. ಸಿಮೆಂಟಿನ ಜೊತೆ ಸೇರದೆ ಉಳಿದ ನೀರು ಹೊರಟುಹೋದ ಜಾಗ ಸೂಕ್ಷ್ಮ ರಂಧ್ರವಾಗಿ ಉಳಿಯುತ್ತದೆ. ಬಲ ಕಡಿಮೆಯಾಗುವುದು ಅದರಿಂದ. ಮುಂದೆ ತೇವ, ಗಾಳಿ, ಲವಣ ಒಳನುಗ್ಗಿ ಕಂಬಿಗೆ ತುಕ್ಕು ಹಿಡಿಸುವುದೂ ಅದೇ ದಾರಿಯಲ್ಲಿ.

ನೀರಿನ ಜೊತೆ ಇನ್ನೆರಡು ವ್ಯತ್ಯಾಸಗಳಿದ್ದವು. ಕ್ಯೂಬನ್ನು ಪದರ ಪದರವಾಗಿ ತುಂಬಿ ಕುಟ್ಟುತ್ತಾರೆ, ಆಮೇಲೆ ಅಚ್ಚು ಬಿಚ್ಚಿ 28 ದಿನ ತುಂಬುವವರೆಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ನಮ್ಮ ಕಾಲಂಗಳಿಗೆ ಪೂರ್ತಿ ಎತ್ತರದಿಂದ ಒಮ್ಮೆಲೇ ಮಾಲು ಸುರಿದಿದ್ದರು. 1.5 ಮೀಟರಿಗಿಂತ ಎತ್ತರದಿಂದ ಬಿಡಬಾರದು ಎಂಬ ನಿಯಮ ಇರುವುದು ಜಲ್ಲಿ ಮತ್ತು ಗಾರೆ ಬೇರೆಯಾಗಬಾರದೆಂದು. ನೀರು ಹೆಚ್ಚಾದ ಮಾಲಿನಲ್ಲಿ ಅದು ಇನ್ನೂ ಸುಲಭವಾಗಿ ಬೇರೆಯಾಗುತ್ತದೆ. ಕಾಲಂ ಬುಡದಲ್ಲಿ ಕಂಬಿಗಳ ಲ್ಯಾಪ್ (ಎರಡು ಕಂಬಿಗಳನ್ನು ಪಕ್ಕಪಕ್ಕ ಇಟ್ಟು ಮಾಡುವ ಜೋಡಣೆ) ಇರುವುದರಿಂದ ಇಕ್ಕಟ್ಟು ಹೆಚ್ಚು. ಮಾಲನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ನೀಡಲ್ ಅಲ್ಲಿಗೆ ಇಳಿದಿರಲಿಲ್ಲ. ಶಟರಿಂಗ್ ಕೆಳಗಿನ ಸಂದಿಯಿಂದ ಸಿಮೆಂಟ್ ಹಾಲು ಸೋರಿದ ಗುರುತು ನೆಲದ ಮೇಲೆ ಇನ್ನೂ ಇತ್ತು. ಕ್ಯೂರಿಂಗ್ (ಕಾಂಕ್ರೀಟನ್ನು ತೇವವಾಗಿಡುವುದು) ಎಂದು ಅಲ್ಲಿ ನಡೆದದ್ದು ಒಣ ಗೋಣಿಚೀಲ ಸುತ್ತಿ, ನೆನಪಾದಾಗ ಒಂದಿಷ್ಟು ನೀರು ಎರಚುವುದು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಿಗೆ 10 ದಿನ, ಸಾಧ್ಯವಾದರೆ 14 ದಿನ ಮೈ ಒಣಗಲು ಬಿಡಬಾರದು. ಸ್ಲ್ಯಾಬಿನ ಮೇಲೆ ನೀರು ಕಟ್ಟಿ ನಿಲ್ಲಿಸುತ್ತೇವೆ. ಕಾಲಂ ಲಂಬವಾಗಿ ನಿಂತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಮರೆಯುತ್ತೇವೆ. ಇದನ್ನು ಎಷ್ಟು ಸೈಟುಗಳಲ್ಲಿ ನೋಡಿದರೂ ನನಗೆ ಸಂಕಟವಾಗುತ್ತದೆ.

ದುರಸ್ತಿಯ ಕಷ್ಟವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಕವಚ ಹಾಕುವಾಗ ಪ್ರತಿ ಬದಿಗೆ 100 ಮಿ.ಮೀ. ಹೊಸ ಕಾಂಕ್ರೀಟ್ ಹೋಯಿತು, 230 ಮಿ.ಮೀ. ಅಗಲದ ಕಾಲಂ 430 ಆಯಿತು. ಬಾಗಿಲ ಚೌಕಟ್ಟುಗಳು ಕೂರಲಿಲ್ಲ, ವಾಹನ ನಿಲ್ಲಿಸುವ ಜಾಗ ಸಾಲಲಿಲ್ಲ. ಬೀಮ್‌ಗಳ ಕೆಳಗೆ ಉಕ್ಕಿನ ಆಸರೆ ಕೊಟ್ಟು, ಹಳೆಯ ಮೈ ಕೆತ್ತಿ, ಪಾಯದಲ್ಲಿ ರಂಧ್ರ ಕೊರೆದು ಎಪಾಕ್ಸಿಯಿಂದ ಹೊಸ ಕಂಬಿ ಕೂರಿಸಿ, ರಿಂಗ್ ಕಟ್ಟಿ, ಕಿರಿದಾದ ಸಂದಿಯಲ್ಲಿ ಸಣ್ಣ ಕಣಗಳ ಮೈಕ್ರೋ ಕಾಂಕ್ರೀಟ್ ಸುರಿಯಬೇಕು. ವಿನ್ಯಾಸಕಾರರು ಪ್ರತಿ ಕಾಲಂನ ಹೊರೆಯನ್ನು ಮತ್ತೆ ಲೆಕ್ಕ ಹಾಕಬೇಕಾಯಿತು. ಅಲ್ಲಿ ಇರಬೇಕಾದವರು ಆ ಅವಧಿಯುದ್ದಕ್ಕೂ ಹೊರಗೇ ಕಾಯಬೇಕಾಯಿತು.

ಹಾಗಾಗಿ ನಾನು ಈಗ ಬಿಟ್ಟುಕೊಡದ ಸಂಗತಿಗಳು ಇವು. ಮಾಲು ಗಟ್ಟಿಯೆನಿಸಿದರೆ ಸ್ಥಾವರದ ತಂತ್ರಜ್ಞರು ಬಂದು, ಮಿಶ್ರಣ ವಿನ್ಯಾಸದಲ್ಲಿ ಒಪ್ಪಿದ ಮಿತಿಯೊಳಗೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಮಾಲನ್ನು ಸಡಿಲಗೊಳಿಸುವ ರಾಸಾಯನಿಕ) ಸೇರಿಸಿ ಡ್ರಮ್ ತಿರುಗಿಸಲಿ, ಅದನ್ನು ಚಲನ್ ಮೇಲೆ ಬರೆಯಲಿ. ಪೈಪು ಮಾತ್ರ ಡ್ರಮ್ಮಿನ ಹತ್ತಿರವೂ ಸುಳಿಯಬಾರದು. ಕ್ಯೂಬ್ ಮಾದರಿಯನ್ನು ಮೊದಲ ಧಾರೆಯಿಂದ ತೆಗೆಯಬೇಡಿ. ಏನನ್ನೇ ಸೇರಿಸುವುದಿದ್ದರೂ ಸೇರಿಸಿಯಾದ ಮೇಲೆ, ಲಾರಿ ಖಾಲಿಯಾಗುವ ನಡುಭಾಗದಲ್ಲಿ ತೆಗೆಯಿರಿ. ಸ್ಲಂಪನ್ನು ಪ್ರತಿ ಲಾರಿಗೂ ನೋಡಿ, ಸಮಯದೊಂದಿಗೆ ಬರೆಯಿರಿ. ಯಾವ ಲಾರಿಯ ಮಾಲು ಯಾವ ಕಾಲಂಗೆ ಹೋಯಿತು ಎಂದು ನಕ್ಷೆಯ ಮೇಲೆ ಗುರುತಿಸಿ. ನಮ್ಮಲ್ಲಿ ಈ ದಾಖಲೆ ಇಲ್ಲದ್ದರಿಂದಲೇ ಚೆನ್ನಾಗಿದ್ದ ಕಾಲಂಗಳನ್ನೂ ಕೊರೆದು ನೋಡಬೇಕಾಯಿತು. ಒಂದೆರಡು ಹೆಚ್ಚುವರಿ ಕ್ಯೂಬ್ ಮಾಡಿ ಕಾಲಂ ಪಕ್ಕದಲ್ಲೇ ಇಟ್ಟು, ಕಾಲಂಗೆ ಸಿಕ್ಕಷ್ಟೇ ನೀರನ್ನು ಅವಕ್ಕೂ ಕೊಡಿ. ತೊಟ್ಟಿಯ ಕ್ಯೂಬಿಗೂ ಇವಕ್ಕೂ ಇರುವ ಅಂತರವೇ ನಿಮ್ಮ ಕ್ಯೂರಿಂಗಿನ ಗುಣವನ್ನು ಹೇಳುತ್ತದೆ.

ಸಣ್ಣ ಕೆಲಸದಲ್ಲಿ ಸೈಟಿನಲ್ಲೇ ಮಿಕ್ಸರ್ ತಿರುಗಿಸುವವರಿಗೂ ಇದೇ ಮಾತು. 0.5 ಅನುಪಾತಕ್ಕೆ 50 ಕೆ.ಜಿ. ಚೀಲಕ್ಕೆ ಬೇಕಾದ ನೀರು 25 ಲೀಟರ್, ಅದರಲ್ಲಿ ಮರಳಿನ ತೇವವೂ ಸೇರಿದೆ. 100 ಕೆ.ಜಿ. ಮರಳಿನಲ್ಲಿ ಶೇ 5ರಷ್ಟು ತೇವವಿದ್ದರೆ ಸುಮಾರು 5 ಲೀಟರ್ ಆಗಲೇ ಒಳಗೆ ಬಂದಿದೆ.

ಈಗಾಗಲೇ ನಿಂತಿರುವ ಕಾಲಂ ಬಗ್ಗೆ ಅನುಮಾನವಿದ್ದರೆ ಗಾರೆ ಹಚ್ಚಬೇಡಿ, ಮೇಲೆ ಇನ್ನೊಂದು ಮಹಡಿಯ ಹೊರೆ ಹೇರಬೇಡಿ. ಹನಿಕೋಂಬ್ ಕಂಡರೆ ತೇಪೆ ಹಾಕುವ ಮುನ್ನ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿಸಿ, ಆಳವನ್ನು ಅಳೆದು, ಚಿತ್ರ ತೆಗೆದಿಟ್ಟುಕೊಳ್ಳಿ. ಮುಖ್ಯ ಕಂಬಿ ಕಾಣುವಷ್ಟು ಆಳ ಹೋಗಿದ್ದರೆ ಕೆತ್ತುವುದನ್ನು ನಿಲ್ಲಿಸಿ, ಮೊದಲು ಮೇಲಿನ ಬೀಮ್‌ಗೆ ಆಸರೆ ಕೊಡಿಸಿ, ವಿನ್ಯಾಸಕಾರರನ್ನು ಸ್ಥಳಕ್ಕೆ ಕರೆಸಿ. ಅಲ್ಟ್ರಾಸೋನಿಕ್ ಪರೀಕ್ಷೆಯಲ್ಲಿ ಎಂ25 ಕಾಂಕ್ರೀಟಿನೊಳಗೆ ಹಾಯುವ ಧ್ವನಿತರಂಗದ ವೇಗ ಸೆಕೆಂಡಿಗೆ 3.5 ಕಿ.ಮೀ.ಗಿಂತ ಕಡಿಮೆ ಬಂದ ಕಡೆ ಕೋರ್ ತೆಗೆಸಲೇಬೇಕು. ಕೋರ್ ತೆಗೆದ ರಂಧ್ರವನ್ನು ಅದೇ ದಿನ ಕುಗ್ಗದ ಗ್ರೌಟ್ ತುಂಬಿ ಮುಚ್ಚಿಸಿ.