ಹಿನ್ನೀರಿನ ಕ್ಯಾಬಿನ್ ಬುಕ್ ಮಾಡುವ ಮೊದಲು ಬಾತ್‌ರೂಮಿನ ಫೋಟೋ ಕೇಳಿ

ಬೇಸಿಗೆ ರಜೆಗೆ ಶರಾವತಿ ಹಿನ್ನೀರಿನ ಕಡೆ ಕ್ಯಾಬಿನ್, ಟೆಂಟು ಅಂತ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜಾಗದ ಹೆಸರು ಹಾಕುತ್ತಿಲ್ಲ. ಹೆಸರು ಹಾಕಿದರೆ ಆ ಒಂದು ಜಾಗ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲೂ ಇದೇ ಇರಬಹುದು.

ಏಪ್ರಿಲ್ ಎರಡನೇ ವಾರ ಹೋಗಿದ್ದೆವು. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ನನ್ನ ತಂಗಿ ಮತ್ತು ಅವಳ ಗಂಡ. ಫೋಟೋ ನೋಡಿಯೇ ಬುಕ್ ಮಾಡಿದ್ದು. ಮರದ ಪುಟ್ಟ ಮನೆ, ಮುಂದೆ ಜಗಲಿ, ಜಗಲಿಯಿಂದ ಹತ್ತು ಹೆಜ್ಜೆಗೆ ನೀಲಿ ನೀರು, ಆಚೆ ಗುಡ್ಡದ ಸಾಲು. ಎರಡು ಕ್ಯಾಬಿನ್, ಎರಡು ರಾತ್ರಿ, ಊಟ ಸೇರಿ 22,000 ರೂಪಾಯಿ. ಅರ್ಧ ಮುಂಗಡ ಕಳಿಸಿದೆವು. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು, ಸಾಗರದಲ್ಲಿ ಊಟ ಮುಗಿಸಿ, ಅಲ್ಲಿಂದ ಒಂದೂಕಾಲು ಗಂಟೆ ಒಳಗೆ ಹೋದ ಮೇಲೆ ಜಾಗ ಸಿಕ್ಕಿತು.

ಕಾರಿಂದ ಇಳಿದ ಮಗ ಮೊದಲು ಕೇಳಿದ್ದು, "ಅಮ್ಮಾ, ನೀರೆಲ್ಲಿ?"

ಕ್ಯಾಬಿನ್ ಅದೇ, ಜಗಲಿ ಅದೇ, ಗುಡ್ಡಗಳೂ ಅವೇ. ನೀರು ಮಾತ್ರ ಇರಲಿಲ್ಲ. ಜಗಲಿಯ ಮುಂದೆ ಒಣಗಿ ಬಿರುಕು ಬಿಟ್ಟ ಕೆಂಪು ಮಣ್ಣಿನ ಬಯಲು, ಅದರ ತುಂಬಾ ಮುಳುಗಡೆ ಕಾಲದ ಮರಗಳ ಕಪ್ಪು ಬೊಡ್ಡೆಗಳು. ಅರ್ಧ ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ ಬೆಳ್ಳಗೆ ಒಂದು ಗೆರೆ ಕಾಣುತ್ತಿತ್ತು, ಅದೇ ನೀರು. ಅಲ್ಲಿದ್ದ ಹುಡುಗನನ್ನು ಕೇಳಿದರೆ ಫೋಟೋ ಅಕ್ಟೋಬರಿನಲ್ಲಿ ತೆಗೆದಿದ್ದು ಅಂದ.

ಇದು ನಮಗೆ ಗೊತ್ತಿರಬೇಕಿತ್ತು, ಆದರೆ ದುಡ್ಡು ತೆಗೆದುಕೊಳ್ಳುವವರು ಹೇಳಬೇಕಿತ್ತು. ಲಿಂಗನಮಕ್ಕಿ ಅಂದರೆ ಕೆರೆ ಅಲ್ಲ. 1964ರಲ್ಲಿ ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಅಣೆಕಟ್ಟು ಅದು, ಈ ಹಿನ್ನೀರು ಅದರದ್ದೇ. ಮಳೆಗಾಲದಲ್ಲಿ ತುಂಬುತ್ತದೆ, ಆಮೇಲೆ ವಿದ್ಯುತ್ ತಯಾರಿಸಲು ನೀರು ಬಿಡುತ್ತಾ ಹೋಗುತ್ತಾರೆ, ಮುಂದಿನ ಮಳೆ ಹಿಡಿಯುವವರೆಗೂ ಇಳಿಯುತ್ತಲೇ ಇರುತ್ತದೆ. ದಂಡೆ ಚಪ್ಪಟೆಯಾಗಿರುವ ಕಡೆ ಮಟ್ಟ ನಾಲ್ಕು ಅಡಿ ಇಳಿದರೂ ನೀರು ಎಷ್ಟೋ ದೂರ ಹಿಂದೆ ಸರಿಯುತ್ತದೆ. ಪೂರ್ಣ ಮಟ್ಟ 1,819 ಅಡಿ. ಈಗಿನ ಮಟ್ಟ ಪೇಪರಿನಲ್ಲಿ ಬರುತ್ತದೆ, ಹೊರಡುವ ಮೊದಲು ಒಂದು ಸಲ ನೋಡಿ ಸಾಕು, ಜಗಲಿ ಮುಂದೆ ನೀರು ಇರುತ್ತದೋ ಇಲ್ಲವೋ ಅಂದಾಜು ಸಿಗುತ್ತದೆ. ಬೇಸಿಗೆಯಲ್ಲಿ ಆ ಕಡೆ ನೋಡುವಂಥದ್ದು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು, ಮಡೇನೂರು ಡ್ಯಾಮ್ ಅಂತಾರಲ್ಲ, ಅದು ನೀರೊಳಗೆ ಮುಳುಗಿದೆ. ನೀರು ತೀರಾ ಇಳಿದ ವರ್ಷ ಇಡೀ ಕಟ್ಟಡ ಮೇಲೆ ಬರುತ್ತದೆ. ಅದನ್ನು ನೋಡಲೆಂದೇ ಹೋಗುವವರಿಗೆ ಬೇಸಿಗೆಯೇ ಸರಿ. ನಾವು ಹೋಗಿದ್ದು ಮಕ್ಕಳಿಗೆ ನೀರು ತೋರಿಸಲು.

ಮಕ್ಕಳು ತಡೆಯುತ್ತಾರಾ? ನೀರು ಕಂಡ ಕಡೆ ಓಡಿದರು. ಮೇಲೆ ಒಣಗಿದ ಹಾಗೆ ಕಾಣುವ ಮಣ್ಣು, ನೀರಿನ ಹತ್ತಿರ ಹೋದಂತೆ ಒಳಗೆ ಹಸಿ ಹೂಳು. ಮಗನ ಕಾಲು ಮೊಣಕಾಲಿನವರೆಗೆ ಇಳಿಯಿತು. ಎಳೆಯಲು ಹೋದ ನಮ್ಮ ಯಜಮಾನರ ಕಾಲೂ ಇಳಿಯಿತು. ಮೀನಿನ ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬರು ಅಜ್ಜ ಬಿದಿರು ಗಳ ತಂದು ಅಡ್ಡ ಹಾಕಿ, "ಅದರ ಮೇಲೆ ಮೈ ಭಾರ ಬಿಡಿ, ಒದ್ದಾಡಬೇಡಿ" ಅಂತ ಹೇಳಿಕೊಟ್ಟು ಹೊರಗೆ ತೆಗೆಸಿದರು. "ಎಂತಕ್ಕೆ ಈ ಟೈಮಲ್ಲಿ ಬಂದ್ರಿ ಮಾರಾಯ್ರೆ, ದೀಪಾವಳಿ ಹೊತ್ತಿಗೆ ಬರದಲ್ವಾ" ಅಂದರು. ದಂಡೆಯಲ್ಲಿ ಒಂದು ಎಚ್ಚರಿಕೆ ಬೋರ್ಡು ಇಲ್ಲ, ಕ್ಯಾಬಿನ್‌ನವರು ಒಂದು ಮಾತು ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ.

ಎಲ್ಲರ ಮೈಯೂ ಕೆಸರು. ಹಾಗಾಗಿ ಒಬ್ಬರಾದ ಮೇಲೆ ಒಬ್ಬರು, ಒಂದೇ ಬಾತ್‌ರೂಮಿನಲ್ಲಿ ಸ್ನಾನ. ಇನ್ನೊಂದು ಕ್ಯಾಬಿನ್ನಿನಲ್ಲಿ ಬಿಸಿನೀರು ಬರುತ್ತಿರಲಿಲ್ಲ. ಆ ಬಾತ್‌ರೂಮನ್ನು ನಾನು ಆಮೇಲೆ ಸರಿಯಾಗಿ ನೋಡಿದೆ. ನಾಲ್ಕಡಿ ಅಗಲ, ಆರಡಿ ಉದ್ದ. ಹಲಗೆ ಗೋಡೆ, ಒಳಗಡೆ ಸಂದು ಇಲ್ಲದ ಹಾಗೆ ಪ್ಲಾಸ್ಟಿಕ್ ಶೀಟ್ ಹೊಡೆದಿದ್ದರು. ಮೇಲೆ ಒಂದು ಚಿಕ್ಕ ಕಿಂಡಿ, ಅದಕ್ಕೆ ಗಾಜು, ಹುಳ ಬರಬಾರದು ಅಂತ ಗಾಜಿನ ಸುತ್ತ ಟೇಪು. ಗೋಡೆಗೆ ಗ್ಯಾಸ್ ಗೀಸರ್. ಸಿಲಿಂಡರ್ ಕೂಡ ಅಲ್ಲೇ ಮೂಲೆಯಲ್ಲಿ.

ಐದು ಜನರ ಸ್ನಾನ ಆಯಿತು. ಮಗ ತಲೆನೋವು ಅಂದ, ಬಿಸಿಲಿಗೆ ಅಂದುಕೊಂಡೆ. ಕೊನೆಗೆ ಹೋದವಳು ತಂಗಿ. ಸ್ವಲ್ಪ ಹೊತ್ತಿನ ಮೇಲೆ ಚೊಂಬಿನ ಸದ್ದು ನಿಂತಿತು, ನಲ್ಲಿ ಮಾತ್ರ ಸುರಿಯುತ್ತಲೇ ಇತ್ತು. ಕೂಗಿದೆ. "ಅಕ್ಕಾ" ಅಂದಳು, ಅದು ಅವಳ ದನಿಯ ಹಾಗೆ ಇರಲಿಲ್ಲ. ಅವಳ ಗಂಡ ಬಾಗಿಲಿಗೆ ಹೆಗಲು ಕೊಟ್ಟು ಚಿಲಕ ಕಿತ್ತರು. ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಬಿಟ್ಟಿದ್ದಳು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಟವೆಲ್ ಸುತ್ತಿ ಜಗಲಿಗೆ ಎಳೆದು ತಂದೆವು, ವಾಂತಿ ಮಾಡಿಕೊಂಡಳು. ಇವತ್ತು ಯಾವ ವಾರ ಅಂದರೆ ಹೇಳಲು ಆಗಲಿಲ್ಲ.

ಕ್ಯಾಬಿನ್ ಹುಡುಗ ಓಡಿ ಬಂದು, "ಬಿಸಿಲಿಗೆ ಪಿತ್ತ ಆಗಿರತ್ತೆ ಮೇಡಂ, ಲಿಂಬು ಶರಬತ್ತು ಮಾಡ್ಕೊಡ್ತೀನಿ" ಅಂದ. ಪಾಪ, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಯಾರ ಮೊಬೈಲಿಗೂ ಸಿಗ್ನಲ್ ಇಲ್ಲ. ಕಾರಿನ ಕಿಟಕಿ ಎಲ್ಲ ಇಳಿಸಿ, ಆ ಕತ್ತಲಲ್ಲಿ ಸಾಗರಕ್ಕೆ ಬಂದೆವು. ದಾರಿಯುದ್ದಕ್ಕೂ ನಾನು ಅವಳ ಹೆಸರು ಕರೆಯುತ್ತಲೇ ಇದ್ದೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇತ್ತಾ?" ರಾತ್ರಿಯಿಡೀ ಆಕ್ಸಿಜನ್ ಹಾಕಿದರು. ಮಗನನ್ನೂ ನೋಡಿದರು. ಗಾಳಿ ಆಡದ ಜಾಗದಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಅಷ್ಟರಲ್ಲಿ ಕೈಕಾಲಿನ ಶಕ್ತಿ ಹೋಗಿ ಚಿಲಕ ತೆಗೆಯಲೂ ಆಗುವುದಿಲ್ಲ. ಐದು ಜನರ ಸ್ನಾನದ ಹೊತ್ತಿನಲ್ಲಿ ಆ ಡಬ್ಬಿಯಂಥ ಕೋಣೆಯಲ್ಲಿ ತುಂಬಿದ್ದನ್ನೆಲ್ಲ ಉಸಿರಾಡಿದ್ದು ಕೊನೆಗೆ ಹೋದ ತಂಗಿ.

ಮಾರನೇ ದಿನ ಸಾಮಾನು ತರಲು ಹೋದಾಗ ಮಾಲೀಕರು ಸಿಕ್ಕಿದರು. "ಇಷ್ಟು ದಿನ ಯಾರಿಗೂ ಏನೂ ಆಗಿಲ್ಲ" ಅನ್ನುವ ಒಂದೇ ಮಾತು. ಮುಂಗಡ ವಾಪಸ್ ಕೊಡಲಿಲ್ಲ. ದುಡ್ಡು ಹೋಗಲಿ. ಆ ಗೀಸರ್ ಹೊರಗೆ ಹಾಕಿಸುತ್ತೇನೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದನ್ನೂ ಹೇಳಲಿಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ತೋರಿಸಿ ಅಂದರೆ ಮಾತು ಬದಲಿಸಿದರು.

2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ, ಆ ಕಡೆ ಹೋಗುವುದು ಸುಲಭವಾಗಿದೆ. ಹೋಗಿ, ಚೆಂದದ ಜಾಗ. ಆದರೆ ದುಡ್ಡು ಕಳಿಸುವ ಮೊದಲು ಅಲ್ಲಿಂದ ವಿಡಿಯೋ ಕಾಲ್ ಮಾಡಿಸಿ, ಜಗಲಿಯಿಂದ ಇವತ್ತು ಏನು ಕಾಣುತ್ತದೆ ಅಂತ ನೋಡಿ. ಹಾಗೇ ಬಾತ್‌ರೂಮಿನ ಒಳಗೆ ಕ್ಯಾಮೆರಾ ತಿರುಗಿಸಲು ಹೇಳಿ. ಗೀಸರ್ ಗ್ಯಾಸಿನದಾ, ಒಳಗಿದೆಯಾ ಹೊರಗಿದೆಯಾ, ಕಿಂಡಿ ತೆರೆದಿದೆಯಾ. ಒಳಗಿದ್ದರೆ ಬೇಡ ಅನ್ನಿ. ಹೋದ ಮೇಲೆ ಗೊತ್ತಾದರೆ ಬಕೆಟ್‌ಗೆ ನೀರು ಹಿಡಿದು, ಗೀಸರ್ ಆಫ್ ಮಾಡಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಚಳಿಗಾಲದಲ್ಲಿ ಹೋಗುವವರು ಕ್ಯಾಂಪ್‌ಫೈರ್‌ನ ಕೆಂಡವನ್ನು ಟೆಂಟಿನ ಒಳಗೆ ಇಟ್ಟುಕೊಳ್ಳಲೇಬೇಡಿ, ಅದೂ ಇದೇ ವಿಷ.

ಇನ್ನೊಂದು ಮಾತು, ಡಾಕ್ಟರೇ ಹೇಳಿದ್ದು. ಸಾಗರ ತಾಲೂಕಿನ ಕಾಡಂಚಿನಲ್ಲಿ ಮಂಗನ ಕಾಯಿಲೆ ಇದೆ. 2019ರಲ್ಲಿ ಅರಳಗೋಡು ಕಡೆ ಜನ ಸತ್ತಿದ್ದು ನೆನಪಿರಬಹುದು. ಉಣುಗು ಕಚ್ಚಿದರೆ ಬರುತ್ತದೆ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ನಮ್ಮ ರಜೆಯ ಕಾಲವೇ ಅದು. ತರಗೆಲೆ ಮೇಲೆ ಕೂರಬೇಡಿ, ಮೈ ತುಂಬಾ ಬಟ್ಟೆ ಹಾಕಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ತಂಗಿ ಈಗ ಆರಾಮಾಗಿದ್ದಾಳೆ. ಒಂದು ತಿಂಗಳು ತಲೆನೋವು ಇತ್ತು, ಈಗ ಇಲ್ಲ. ಅವರ ಮನೆಯಲ್ಲೂ ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇತ್ತು. ಊರಿಗೆ ಬಂದ ವಾರವೇ ಅದನ್ನು ಕಿತ್ತು ಯುಟಿಲಿಟಿ ಕಡೆ, ಗ್ರಿಲ್ ಪಕ್ಕ ಹಾಕಿಸಿದರು.